ಒರಾಂಡಾ ಮರಿಗಳಲ್ಲಿ ಒಂಟಿಬಾಲ, ತಲೆಕೆಳಗಾಗಿ ತೇಲುವುದು: ತಪ್ಪು ಮೇವಿನದೋ, ತಳಿಯದೋ?

ತೊಟ್ಟಿಮನೆ (ಹೊಸನಗರ):

ನಮಸ್ಕಾರ. ಗೋಲ್ಡ್‌ಫಿಶ್ ಮರಿ ಮಾಡುವವರು ಇದನ್ನು ಸ್ವಲ್ಪ ಬಿಡಿಸಿ ಹೇಳಿ.

ಜೋಡಿ ಒರಾಂಡಾ, ಅಂದರೆ ಗಿಡ್ಡ ಮೈಯ, ತಲೆ ಮೇಲೆ ಗಡ್ಡೆಯಂಥ ‘ಟೋಪಿ’ ಬೆಳೆಯುವ ಗೋಲ್ಡ್‌ಫಿಶ್ ತಳಿ. ಹೆಣ್ಣು ಕೆಂಪು-ಬಿಳಿ, ಗಂಡು ಪೂರ್ತಿ ಕೆಂಪು. ಎರಡಕ್ಕೂ ಚೆನ್ನಾಗಿ ಸೀಳಿದ ಇಬ್ಬಾಲ, ತಲೆ ಮೇಲೆ ಸಾಧಾರಣ ಟೋಪಿ. ಸಿಮೆಂಟ್ ತೊಟ್ಟಿ 6 ಅಡಿ ಉದ್ದ, 4 ಅಡಿ ಅಗಲ, ನೀರು ಒಂದೂವರೆ ಅಡಿ, ಅಂದರೆ ಹೆಚ್ಚುಕಡಿಮೆ 1000 ಲೀಟರ್. ತೆರೆದ ಬಾವಿ ನೀರು, ಪಿಎಚ್ 6.4, ಕೆಎಚ್ (ಪಿಎಚ್ ಇಳಿಯದಂತೆ ಹಿಡಿದಿಡುವ ಕಾರ್ಬೊನೇಟ್ ಗಡಸುತನ) 1.

ಮೂರನೇ ವಾರ ಎಣಿಸಿದಾಗ 640 ಮರಿ. ಅದರಲ್ಲಿ 110ಕ್ಕೆ ಒಂಟಿಬಾಲ, ಸುಮಾರು 70ಕ್ಕೆ ಮೇಲುಗಡೆ ಅಂಟಿಕೊಂಡ ಮೂರೆಸಳು ಬಾಲ. ಕೆಲವಕ್ಕೆ ಹೊಟ್ಟೆ ಹಿಂದಿನ ಗುದರೆಕ್ಕೆಯೇ ಇಲ್ಲ. ಆರಿಸಿ ಉಳಿಸಿದ್ದು 180. ಈಗ 12 ವಾರ. ಹತ್ತನೇ ವಾರದಿಂದ 14 ಮರಿ ತಲೆ ಕೆಳಗೆ ಮಾಡಿ ನಿಲ್ಲುತ್ತವೆ, ಇಲ್ಲವೇ ಹೊಟ್ಟೆ ಮೇಲಾಗಿ ತೇಲುತ್ತವೆ. ಮೊದಲು ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸಿಗಡಿಮರಿ) ಕೊಟ್ಟಿದ್ದು, ಈಗ ತೇಲುವ ಕಾಳುಮೇವು, ದಿನಕ್ಕೆ ಎರಡು ಸಲ.

ತಂದೆ-ತಾಯಿ ಇಬ್ಬರಿಗೂ ಇಬ್ಬಾಲ ಇದ್ದ ಮೇಲೆ ಒಂಟಿಬಾಲ ಎಲ್ಲಿಂದ ಬಂತು? ತಲೆಕೆಳಗಾಗುವುದಕ್ಕೆ ಮೇವು ಕಾರಣವೋ ಮೈಕಟ್ಟೋ? ಮುಂದಿನ ಸಲಕ್ಕೆ ಇದೇ ಜೋಡಿ ಇಡಬಹುದಾ, ಗಂಡು ಬದಲಿಸಬೇಕಾ?

ಅಡಿಕೆಸೋಗೆ (ತೀರ್ಥಹಳ್ಳಿ):

ತಲೆಕೆಳಗಾಗುವುದು ಮಲಬದ್ಧತೆ ಮಾರಾಯ್ರೆ. ಮೂರು ದಿನ ಉಪವಾಸ ಹಾಕಿ, ಆಮೇಲೆ ಬೇಯಿಸಿದ ಬಟಾಣಿ ಸಿಪ್ಪೆ ತೆಗೆದು ಕೊಡಿ. ಸರಿಹೋಗುತ್ತೆ.

ಮಂಡಗದ್ದೆ:

ಬಟಾಣಿ ವಿಷಯ ಆಮೇಲೆ. ಮೊದಲು ಬಾಲ.

ಚಿನ್ನದ ಮೀನಿಗೆ ಇಬ್ಬಾಲ ಬರುವುದಕ್ಕೆ ಕಾರ್ಡಿನ್ ಅನ್ನುವ ಜೀನ್ ಮುರಿದಿರುವುದು ಕಾರಣ. ಇದು 2014ರಲ್ಲಿ ತೈವಾನಿನ ಸಂಶೋಧಕರ ಕೆಲಸದಿಂದ ಖಚಿತವಾಗಿದೆ. ಮೊಟ್ಟೆಯೊಳಗೆ ಭ್ರೂಣ ಬೆಳೆಯುವಾಗ ಯಾವ ಕಡೆ ಬೆನ್ನು, ಯಾವ ಕಡೆ ಹೊಟ್ಟೆ ಅನ್ನುವುದು ಮೊದಲ ದಿನವೇ ತೀರ್ಮಾನವಾಗುತ್ತದೆ. ಹೊಟ್ಟೆಕಡೆಯ ಅಂಶ ಅತಿಯಾಗಿ ಹರಡದಂತೆ ಬೆನ್ನಿನ ಕಡೆಯಿಂದ ತಡೆಹಿಡಿಯುವುದು ಕಾರ್ಡಿನ್ ಕೆಲಸ. ಆ ತಡೆ ಸಡಿಲವಾದರೆ ಹೊಟ್ಟೆಕಡೆಯ ಅಂಗಾಂಶ ಅಗಲವಾಗುತ್ತದೆ. ಹೊಟ್ಟೆಕಡೆ ನಡುಗೆರೆಯಲ್ಲಿ ಒಂದೇ ಮಡಿಕೆಯಾಗಿ ಏಳಬೇಕಾದ ರೆಕ್ಕೆಪೊರೆ ಎಡಕ್ಕೊಂದು ಬಲಕ್ಕೊಂದು ಎರಡಾಗಿ ಏಳುತ್ತದೆ.

ಹಾಗಾದರೆ ಬಾಲ ಯಾಕೆ ಎರಡಾಯಿತು, ಬೆನ್ನುರೆಕ್ಕೆ ಯಾಕೆ ಒಂದೇ ಉಳಿಯಿತು? ಮೀನಿನ ಬಾಲ ನೋಡುವುದಕ್ಕೆ ಮೇಲೆ ಕೆಳಗೆ ಸಮವಾಗಿದ್ದರೂ ಅದರ ಕಡ್ಡಿಗಳೆಲ್ಲ ಬೆನ್ನೆಲುಬಿನ ತುದಿಯ ಕೆಳಮಗ್ಗುಲಿನಿಂದಲೇ ಹುಟ್ಟುವುದು. ಬೆನ್ನೆಲುಬಿನ ತುದಿ ಮೇಲಕ್ಕೆ ಬಾಗಿ ಮುಗಿಯುತ್ತದೆ, ಅದರ ಅಡಿಯಲ್ಲಿ ಬೀಸಣಿಗೆಯಂತೆ ಮೂಳೆಗಳು ಹರಡಿರುತ್ತವೆ. ಲೆಕ್ಕದಲ್ಲಿ ಬಾಲವೂ ಹೊಟ್ಟೆಕಡೆಯ ಅಂಗ, ಗುದರೆಕ್ಕೆಯೂ ಹೊಟ್ಟೆಕಡೆಯ ಅಂಗ. ಅದಕ್ಕೇ ಇಬ್ಬಾಲದ ಒಳ್ಳೆಯ ಮೀನಿಗೆ ಗುದರೆಕ್ಕೆಯೂ ಜೋಡಿ ಇರುತ್ತದೆ. ನೀವು ಹೇಳಿದ ‘ಗುದರೆಕ್ಕೆ ಇಲ್ಲದ್ದು’ ಕೂಡ ಇದೇ ಗಲಿಬಿಲಿಯ ಇನ್ನೊಂದು ಮುಖ. ಅದನ್ನು ಬೇರೆ ರೋಗ ಅಂದುಕೊಳ್ಳಬೇಡಿ.

ಈ ಜೀನ್ ಮುರಿದರೂ ಮೀನು ಸಾಯದಿರುವುದಕ್ಕೆ ಕಾರಣ ಇದೆ. ಗೆಂಡೆ ಮತ್ತು ಚಿನ್ನದ ಮೀನಿನ ಹಿರಿಯರಲ್ಲಿ ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಇಡೀ ಜೀನೋಮ್, ಅಂದರೆ ಜೀನುಗಳ ಪೂರ್ತಿ ಗಂಟು, ಇಮ್ಮಡಿಯಾಯಿತು. ಚಿನ್ನದ ಮೀನಿಗೆ 100 ವರ್ಣತಂತು, ಹಾಗೆ ಇಮ್ಮಡಿಯಾಗದ ಜೀಬ್ರಾ ಮೀನಿಗೆ 50. ಹಾಗಾಗಿ ಕಾರ್ಡಿನ್ ಜೀನಿನ ಎರಡು ಆವೃತ್ತಿ ಇದಕ್ಕಿದೆ. ಒಂದು ಮುರಿದರೂ ಇನ್ನೊಂದು ಭ್ರೂಣವನ್ನು ದಡ ಮುಟ್ಟಿಸುತ್ತದೆ. ಚಿನ್ನದ ಮೀನಿನಲ್ಲಿ ಇಷ್ಟೊಂದು ವಿಚಿತ್ರ ತಳಿಗಳು ಬದುಕಿ ಉಳಿದಿರುವುದಕ್ಕೆ ಈ ಹೆಚ್ಚುವರಿ ಆವೃತ್ತಿಗಳ ಪಾಲು ದೊಡ್ಡದು.

ಈಗ ನಿಮ್ಮ 110. ಇಬ್ಬಾಲ ಹಿನ್ಸರಿವ ಗುಣ. ಆ ಒಂದು ಆವೃತ್ತಿಯ ಎರಡು ಪ್ರತಿಯೂ (ತಂದೆಯದೊಂದು, ತಾಯಿಯದೊಂದು) ಮುರಿದಿದ್ದರೆ ಮಾತ್ರ ಕಾಣುತ್ತದೆ. ನಿಮ್ಮ ಗಂಡು ಹೆಣ್ಣು ಎರಡಕ್ಕೂ ಇಬ್ಬಾಲ ಇರುವುದರಿಂದ 640 ಮರಿಗೂ ಮುರಿದ ಜೋಡಿಯೇ ಬಂದಿದೆ, ಒಂಟಿಬಾಲದವಕ್ಕೂ. ಆದರೆ ಜೀನ್ ಇದ್ದ ಮಾತ್ರಕ್ಕೆ ಬಾಲ ಪೂರ್ತಿ ಸೀಳಬೇಕೆಂದಿಲ್ಲ. ಕೆಲವದರಲ್ಲಿ ಪೂರ್ತಿ ಸೀಳುತ್ತದೆ, ಕೆಲವದರಲ್ಲಿ ಮೇಲಂಚು ಅಂಟಿಕೊಂಡು ಮೂರೆಸಳಾಗುತ್ತದೆ, ಕೆಲವದರಲ್ಲಿ ಸೀಳುವುದೇ ಇಲ್ಲ. ಒಳ್ಳೆಯ ಸಾಲುಗಳಲ್ಲೂ ಇದು ತಪ್ಪಿದ್ದಲ್ಲ.

ಒಂದು ಅನುಮಾನ ಮಾತ್ರ ಪರಿಹರಿಸಿಕೊಳ್ಳಿ. ತೊಟ್ಟಿಯಲ್ಲಿ ಕಾಮೆಟ್ ಅಥವಾ ಸಾಮಾನ್ಯ ಗೋಲ್ಡ್‌ಫಿಶ್ ಗಂಡು ಸೇರಿಕೊಂಡಿತ್ತಾ? ಹಾಗಿದ್ದರೆ ಅದರ ಮರಿಗಳೆಲ್ಲ ಒಂಟಿಬಾಲದವೇ, ಜೊತೆಗೆ ಮೈ ಉದ್ದ, ಮೂತಿ ಚೂಪು. ಒಂಟಿಬಾಲದ ಮರಿಗೂ ಮೊಟ್ಟೆಯಂಥ ಗಿಡ್ಡ ಮೈಯೇ ಇದ್ದರೆ ಅದು ನಿಮ್ಮ ಜೋಡಿಯದೇ.

ಕೆರೆಏರಿ (ಸಾಗರ):

ಅಡಿಕೆಸೋಗೆಯವರು ಹೇಳಿದ್ದು ಅರ್ಧ ಸರಿ. ಉಪವಾಸ ಔಷಧಿಯಲ್ಲ, ಪರೀಕ್ಷೆ.

ಚಿನ್ನದ ಮೀನಿಗೆ ಜಠರ ಇಲ್ಲ. ಗಂಟಲಹಲ್ಲಲ್ಲಿ ಅರೆದ ಮೇವು ನೇರ ಕರುಳಿಗೆ ಹೋಗುತ್ತದೆ. ಕರುಳು ಮೈಯುದ್ದಕ್ಕಿಂತ ಬಹಳ ಉದ್ದ. ಅದರ ಮೇಲೆ, ಬೆನ್ನೆಲುಬಿನ ಅಡಿಗೆ, ಗಾಳಿಚೀಲ ಇದೆ. ಅದಕ್ಕೆ ಎರಡು ಕೋಣೆ, ಮುಂದಿನದು ಸಣ್ಣ ಮೂಳೆಸರಪಣಿಯಿಂದ ಒಳಕಿವಿಗೆ ಜೋಡಿಸಿಕೊಂಡದ್ದು, ಹಿಂದಿನದರಿಂದ ಒಂದು ಸಣ್ಣ ನಾಳ ಅನ್ನನಾಳಕ್ಕೆ ತೆರೆದುಕೊಂಡದ್ದು. ಮೀನು ಬಾಯಲ್ಲಿ ಗಾಳಿ ನುಂಗಿದರೆ ಚೀಲಕ್ಕೂ ಹೋಗಬಹುದು, ಕರುಳಿಗೂ ಹೋಗಬಹುದು.

ಕಾಡುಜಾತಿಯ ಉದ್ದ ಮೈಯಲ್ಲಿ ಇವಕ್ಕೆಲ್ಲ ಜಾಗ ಸಾಕಷ್ಟಿದೆ. ಛಿಬ್ಬಲಗುಡ್ಡೆಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಹಶೀರ್ ನೋಡಿ. ಅದೂ ಗೆಂಡೆ ಕುಟುಂಬದ್ದೇ. ಹರಿವಿಗೆ ಎದುರಾಗಿ ಕದಲದೆ ನಿಂತಿರುತ್ತದೆ. ಒರಾಂಡಾದಲ್ಲಿ ಅದೇ ನಕ್ಷೆಯನ್ನು ಹಿಂದುಮುಂದಿನಿಂದ ಒತ್ತಿ ಗಿಡ್ಡ ಮಾಡಿದ್ದಾರೆ. ಬೆನ್ನೆಲುಬಿನ ಮಣಿಗಳು ಒತ್ತೊತ್ತಾಗಿವೆ, ಕರುಳು ಸುರುಳಿಸುರುಳಿಯಾಗಿ ತುರುಕಿಕೊಂಡಿದೆ, ಗಾಳಿಚೀಲದ ಹಿಂದಿನ ಕೋಣೆ ಕುಗ್ಗಿದೆ ಅಥವಾ ವಾರೆಯಾಗಿದೆ. ಮೇಲೆ ತಲೆಗೆ ಟೋಪಿಯ ಭಾರ ಬೇರೆ. ತಿರುಗಿಸಿ ಸರಿಮಾಡಿಕೊಳ್ಳೋಣ ಅಂದರೆ ಇಬ್ಬಾಲ ದೋಣಿಯ ಹುಟ್ಟಿನ ಹಾಗೆ ನೀರನ್ನು ಒತ್ತುವುದಿಲ್ಲ. ಒಂದೇ ಹಲಗೆಯಂತೆ ಎಡಬಲಕ್ಕೆ ಬೀಸುವ ಬದಲು ಎರಡು ಓರೆ ಹಾಳೆಗಳು ನೀರನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಎಳೆಯುತ್ತವೆ.

ನಿಮ್ಮ ಮರಿಗಳು ಹತ್ತನೇ ವಾರದಿಂದ ಶುರುಮಾಡಿದವು ಅಂದಿರಿ, ಅದು ಮುಖ್ಯವಾದ ಸುಳಿವು. ಮರಿ ಈಜಲು ಶುರುಮಾಡಿದ ಹೊತ್ತಿಗೆ ಮೇಲೆ ಬಂದು ಮೊದಲ ಗಾಳಿ ನುಂಗಿ ಚೀಲ ತುಂಬಿಸಿಕೊಳ್ಳಬೇಕು. ನೀರಿನ ಮೇಲೆ ಎಣ್ಣೆಪೊರೆ ಕಟ್ಟಿದ್ದರೆ, ನೀರು ತೀರಾ ಆಳವಾಗಿದ್ದರೆ ಅದು ಆಗುವುದಿಲ್ಲ. ಅಂಥ ಮರಿ ಮೊದಲ ವಾರದಿಂದಲೇ ತಳದಲ್ಲಿ ಹೊಟ್ಟೆ ಎಳೆದುಕೊಂಡು ಹೋಗುತ್ತದೆ, ಹತ್ತನೇ ವಾರದವರೆಗೆ ಕಾಯುವುದಿಲ್ಲ. ಹತ್ತನೇ ವಾರ ಅಂದರೆ ಮೈ ಆಳವಾಗಿ ಉಬ್ಬುವ ಕಾಲ. ಹಾಗಾಗಿ ನಿಮ್ಮಲ್ಲಿ ಒಂದೋ ಮೈಕಟ್ಟು, ಇಲ್ಲ ತೇಲುವ ಮೇವು. ಎರಡೂ ಸೇರಿರಲೂಬಹುದು. ಬೇರ್ಪಡಿಸುವ ದಾರಿ ಹೀಗೆ.

14 ಮರಿಯನ್ನೂ ಬೇರೆ ಬಿಳಿ ಟಬ್ಬಿಗೆ ಹಾಕಿ, ನೀರು ಒಂದು ಗೇಣು ಸಾಕು. ಅದೇ ತೊಟ್ಟಿಯ ನೀರು, ಗಾಳಿ ಕಲ್ಲಿನಿಂದ ಮೆಲ್ಲಗೆ ಗುಳ್ಳೆ. 48 ಗಂಟೆ ಮೇವು ಬೇಡ. ಬೆಳಿಗ್ಗೆ ಕದಡದೆ ಹತ್ತು ನಿಮಿಷ ನೋಡಿ. ನೆಟ್ಟಗೆ ನಿಂತವು ಒಂದು ಕಡೆ, ಅದೇ ಕೋನದಲ್ಲಿ ವಾಲಿದವು ಇನ್ನೊಂದು ಕಡೆ. ನೆಟ್ಟಗಾದವಕ್ಕೆ ಮುಳುಗುವ ಮೇವು ಕೊಟ್ಟು ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಆಗಲೂ ನೆಟ್ಟಗಿದ್ದರೆ ತಪ್ಪು ಮೇವಿನದು. ಹೊಟ್ಟೆ ಖಾಲಿಯಿದ್ದರೂ ವಾಲುವುದು ಮೈಕಟ್ಟಿನದು, ಅದನ್ನು ಬಟಾಣಿ ತಿದ್ದುವುದಿಲ್ಲ. ಉಪ್ಪೂ ತಿದ್ದುವುದಿಲ್ಲ. ತಳಕ್ಕೆ ಬಿದ್ದು ಏಳಲಾರದೆ, ಹುರುಪೆ ಕೆದರಿಕೊಂಡಿದ್ದರೆ ಅದು ಸೋಂಕು, ಈ ಚರ್ಚೆಗೆ ಸೇರಿದ್ದಲ್ಲ.

ಇನ್ನೂ ಅನುಮಾನ ಇದ್ದರೆ ಎಕ್ಸ್-ರೇ ಎಲ್ಲಕ್ಕಿಂತ ಸ್ಪಷ್ಟ. ಗಾಳಿ ಕಪ್ಪಾಗಿ ಕಾಣುತ್ತದೆ. ಎರಡು ಕಪ್ಪು ಕೋಣೆ ಬೆನ್ನೆಲುಬಿನಡಿ ಸಾಲಾಗಿ ಇವೆಯೋ, ಹಿಂದಿನದು ಚುಕ್ಕೆಯಷ್ಟೇ ಇದೆಯೋ, ಅಥವಾ ಕಪ್ಪು ಇರುವುದು ಕೆಳಗೆ ಕರುಳಿನಲ್ಲೋ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. 12 ವಾರದ ಮರಿಗೆ ಇದು ಅತಿಯಾಯಿತು. ಮರಿ ಮಾಡಿಸುವ ದೊಡ್ಡ ಮೀನಿಗಾದರೆ ಮಾಡಿಸಿ.

ತೊಟ್ಟಿಮನೆ:

ಕಾಮೆಟ್ ಇರಲಿಲ್ಲ, ಒಂಟಿಬಾಲದವೂ ಗಿಡ್ಡ ಮೈಯವೇ. 48 ಗಂಟೆ ಪರೀಕ್ಷೆ ಆಯಿತು. 14ರಲ್ಲಿ 8 ನೆಟ್ಟಗಾದವು. ಮುಳುಗುವ ಮೇವು ಕೊಟ್ಟ ಮೇಲೂ ನೆಟ್ಟಗೇ ಇವೆ. ಉಳಿದ 6 ಹಾಗೆಯೇ ವಾಲಿವೆ, ಅವುಗಳಲ್ಲಿ 4ಕ್ಕೆ ಬೆನ್ನು ಬಾಲದ ಬುಡದಲ್ಲಿ ಗಕ್ಕನೆ ಇಳಿದಂತಿದೆ.

ಮೇವು ಹೇಗೆ ಕೊಡಲಿ? ಮತ್ತೆ ಆ 8ನ್ನು ತಳಿಗೆ ಇಟ್ಟುಕೊಳ್ಳಬಹುದಾ?

ಕೆರೆಏರಿ:

ತಳಿಗೆ ಬೇಡ. ಮೇವು ಬದಲಿಸಿದರೆ ಸರಿಹೋಯಿತು ಅಂದರೆ ಅಂಚಿನಲ್ಲಿದ್ದವು ಅಂತಲೇ ಅರ್ಥ. ಅದೇ ತೇಲುವ ಮೇವು ತಿಂದು ಉಳಿದ 166 ವಾಲಲಿಲ್ಲವಲ್ಲ. ಸಾಕುವವರಿಗೆ ಕೊಡಿ, ಮುಳುಗುವ ಮೇವೇ ಹಾಕಬೇಕು ಅಂತ ಹೇಳಿ ಕೊಡಿ.

ಎರಡು ಸಲ ಕೊಡುತ್ತಿದ್ದದ್ದನ್ನೇ ನಾಲ್ಕು ಪಾಲು ಮಾಡಿ, ಪ್ರಮಾಣ ಹೆಚ್ಚಿಸಬೇಡಿ. ಎರಡು ನಿಮಿಷದಲ್ಲಿ ಮುಗಿಯುವಷ್ಟು. ಒಣಕಾಳನ್ನು ತೊಟ್ಟಿ ನೀರಲ್ಲೇ ಹತ್ತು ನಿಮಿಷ ನೆನೆಸಿ, ಬೆರಳಲ್ಲಿ ಒತ್ತಿ ಗಾಳಿ ಬಿಡಿಸಿ ಹಾಕಿ. ತೇಲುವ ಕಾಳು ಹಿಡಿಯುವಾಗ ಪ್ರತಿ ಗುಕ್ಕಿಗೂ ಗಾಳಿ ಒಳಗೆ ಹೋಗುತ್ತದೆ, ಒಣಕಾಳು ಕರುಳಲ್ಲಿ ನೆಂದು ಊದಿಕೊಳ್ಳುತ್ತದೆ. ಗಿಡ್ಡ ಮೈಯಲ್ಲಿ ಎರಡಕ್ಕೂ ಜಾಗ ಇಲ್ಲ. ಡಿಸೆಂಬರ್-ಜನವರಿಯಲ್ಲಿ ನಮ್ಮ ಕಡೆ ಬೆಳಗಿನ ನೀರು ತಣ್ಣಗಿರುವಾಗ ಕರುಳಿನ ಕೆಲಸವೂ ನಿಧಾನ. ಆಗ ಬೆಳಗಿನ ಮೇವು ಬಿಟ್ಟುಬಿಡಿ, ಬಿಸಿಲೇರಿದ ಮೇಲೆ ಒಂದೆರಡು ಸಲ ಸಾಕು.

ಮಳೆಲೆಕ್ಕ (ಆಗುಂಬೆ ಕಡೆ):

ಕೆಎಚ್ 1 ಅಂತ ಬರೆದಿದ್ದನ್ನು ಯಾರೂ ಗಮನಿಸಿದ ಹಾಗಿಲ್ಲ. ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಎಲ್ಲ ಕಡೆ ಹೀಗೇ, ಮೆದು. ಮಳೆಗಾಲದಲ್ಲಿ ತೊಟ್ಟಿಗೆ ಮಳೆನೀರು ಬಿದ್ದರೆ ಇದ್ದ ಒಂದೂ ಹೋಗುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ. ಕಿವಿರು ಮುಚ್ಚಳ ಹೊರಗೆ ಸುರುಳಿಯಾಗುವುದು, ರೆಕ್ಕೆಯ ಕಡ್ಡಿ ಡೊಂಕಾಗುವುದು ತಳಿಯಿಂದಲೂ ಆಗುತ್ತದೆ, ಮರಿಯಾಗಿದ್ದಾಗ ಕೆಟ್ಟ ನೀರಲ್ಲಿ ಒತ್ತೊತ್ತಾಗಿ ಬೆಳೆದರೂ ಆಗುತ್ತದೆ. ನೀರು ಸರಿಯಿಲ್ಲದಿದ್ದರೆ ಯಾವುದು ಯಾವುದೆಂದು ಹೇಳುವ ಹಾಗಿಲ್ಲ, ಆರಿಸುವುದೆಲ್ಲ ಕುರುಡಾಗುತ್ತದೆ.

ಅಡುಗೆ ಸೋಡಾ 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಏರುತ್ತದೆ. ನಿಮ್ಮ ತೊಟ್ಟಿಗೆ ದಿನಕ್ಕೆ 30 ಗ್ರಾಂ, ಬಕೆಟ್ಟಿನಲ್ಲಿ ಕರಗಿಸಿ, ಮೂರು ದಿನ. 4ಕ್ಕೆ ಬರುತ್ತದೆ. ಒಂದೇ ದಿನ 90 ಸುರಿಯಬೇಡಿ. ತೊಟ್ಟಿಯಲ್ಲಿ ಅಮೋನಿಯಾ ಕೂಡಿಕೊಂಡಿದ್ದರೆ ಪಿಎಚ್ ದಿಢೀರನೆ ಏರಿದಾಗ ಅದು ವಿಷವಾಗುತ್ತದೆ. ಮೊದಲು ಅಮೋನಿಯಾ ನೋಡಿ, ನೀರು ಬದಲಿಸಿ, ಆಮೇಲೆ ಸೋಡಾ. ನಿಧಾನಕ್ಕೆ ಕರಗುವುದಕ್ಕೆ ಸುಣ್ಣ ಸುಡುವವರ ಹತ್ತಿರ ಸಿಗುವ ಕಪ್ಪೆಚಿಪ್ಪು ತೊಳೆದು, ಒಂದು ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಾಯಿಗೆ ಇಡಿ. ಮಳೆನೀರು ಬೀಳದಂತೆ ತೊಟ್ಟಿ ಮೇಲೆ ಒಂದು ತಗಡು ಹಾಕಿ.

ಮಂಡಗದ್ದೆ:

ಮುಂದಿನ ಸಲದ ಜೋಡಿ ಬಗ್ಗೆ. ನನ್ನ ಅಭಿಪ್ರಾಯ, ಗಂಡು ಬದಲಿಸುವ ಮೊದಲು ನೋಡುವ ರೀತಿ ಬದಲಿಸಿ.

ಸಿಮೆಂಟ್ ತೊಟ್ಟಿಯಲ್ಲಿ ನಾವು ಮೀನನ್ನು ಯಾವಾಗಲೂ ಮೇಲಿನಿಂದ ನೋಡುತ್ತೇವೆ. ಚೀನಾದಲ್ಲಿ ಮಿಂಗ್ ಕಾಲದಲ್ಲಿ ಕೊಳದಿಂದ ಮಣ್ಣಿನ ಬಾನಿಗೆ ಬಂದಾಗಲೂ ಹೀಗೇ ನೋಡಿದ್ದು. ಅಗಲ ಬೆನ್ನು, ಹರಡಿದ ಇಬ್ಬಾಲ, ಟೋಪಿ, ಉಬ್ಬುಗಣ್ಣು, ಎಲ್ಲ ಮೇಲಿಂದ ಚೆಂದ ಕಾಣುವ ಗುಣಗಳು. ಮೇಲಿಂದ ಕಾಣದಿರುವುದು ಬೆನ್ನಿನ ಪಕ್ಕದ ಗೆರೆ ಮತ್ತು ಬಾಲದ ಬುಡದ ಇಳಿಜಾರು. ನಿಮ್ಮ ಆ 4 ಮರಿ ತಪ್ಪಿಸಿಕೊಂಡಿದ್ದು ಅಲ್ಲೇ. ಹಾಗಾಗಿ ಪ್ರತಿ ಆಯ್ಕೆಯಲ್ಲೂ ಒಮ್ಮೆ ಬಿಳಿ ಬೋಗುಣಿ, ಒಮ್ಮೆ ಗಾಜಿನ ಪೆಟ್ಟಿಗೆ.

ಎರಡು-ಮೂರು ವಾರಕ್ಕೆ ಬಾಲ ಮಾತ್ರ ನೋಡಿ, ಬೇರೆ ಯಾವುದನ್ನೂ ಆಗ ನಿರ್ಧರಿಸಲಾಗದು. ಐದು-ಆರು ವಾರಕ್ಕೆ ಬೆನ್ನುರೆಕ್ಕೆ ನೆಟ್ಟಗಿದೆಯಾ, ಗುದರೆಕ್ಕೆ ಎಷ್ಟು, ಕಿವಿರು ಮುಚ್ಚಳ ಸರಿ ಮುಚ್ಚುತ್ತದಾ. ಹತ್ತು ವಾರಕ್ಕೆ ಪಕ್ಕದಿಂದ: ಬೆನ್ನಿನ ಗೆರೆ ಎಲ್ಲಿಯೂ ಮುರಿಯದೆ ಇಳಿಯಬೇಕು, ಬಾಲದ ಬುಡ ದಪ್ಪಗಿರಬೇಕು, ಸುಮ್ಮನೆ ನಿಂತಾಗ ಮೈ ಮಟ್ಟಸ ಇರಬೇಕು. ಟೋಪಿ ನೋಡುವುದು ಮೂರು-ನಾಲ್ಕು ತಿಂಗಳಾದ ಮೇಲೆ. ಬೇಗ ಟೋಪಿ ಬಂದದ್ದನ್ನು ಕಂಡು ಆಸೆಪಟ್ಟು ಬೆನ್ನನ್ನು ಕ್ಷಮಿಸಬೇಡಿ, ಅಲ್ಲೇ ಎಲ್ಲರೂ ಎಡವುವುದು. ಟೋಪಿ ಬೆಳೆಯುವಾಗ ಅದರ ಮೇಲೆ ಬಿಳಿ ಗುಳ್ಳೆಗಳು ಕಾಣುತ್ತವೆ. ಅದು ಚರ್ಮದ ಲೋಳೆ. ರೆಕ್ಕೆಯ ಮೇಲೂ ಉಪ್ಪು ಉದುರಿಸಿದಂತೆ ಇದ್ದರೆ ಮಾತ್ರ ಬಿಳಿಚುಕ್ಕೆ ರೋಗ, ಸುಮ್ಮನೆ ಔಷಧಿ ಹಾಕಬೇಡಿ.

ಗುದರೆಕ್ಕೆ ಇಲ್ಲದ ಮರಿ ಈಜುವುದಕ್ಕೆ ಅಷ್ಟೇನೂ ಕಷ್ಟಪಡುವುದಿಲ್ಲ, ಮಾರಬಹುದು. ತಳಿಗೆ ಜೋಡಿ ಗುದರೆಕ್ಕೆಯದ್ದು ಮೊದಲು, ಒಂಟಿಯದ್ದು ಆಮೇಲೆ. ಇಲ್ಲದ್ದು ಬೇಡ.

ಜೋಡಿ ಮಾಡುವಾಗ ಎರಡೂ ಅತಿ ಗಿಡ್ಡ ಆಗದಿರಲಿ. ಹೆಣ್ಣು ಒಂದು ಸುತ್ತು ಉದ್ದ ಮೈಯದ್ದಾಗಿರಲಿ. ಮೊಟ್ಟೆ ತುಂಬಿದಾಗ ಗಾಳಿಚೀಲಕ್ಕೆ ಜಾಗ ಬೇಕಲ್ಲ. ಗಂಡಿನಲ್ಲಿ ಟೋಪಿ ಹುಡುಕಿ. ಗಿಡ್ಡಕ್ಕೆ ಗಿಡ್ಡ ಜೋಡಿಸಿದರೆ ಮೂರನೇ ತಲೆಮಾರಿಗೆ ಗೋಲಿ ಆಕಾರ ಬರುತ್ತದೆ, ವಾಲುವುದೂ ಅದರ ಹಿಂದೆಯೇ ಬರುತ್ತದೆ.

ಬಣ್ಣದ_ಹುರುಪೆ (ಭದ್ರಾವತಿ):

ನಡುವೆ ನನ್ನದೊಂದು. ಕ್ಯಾಲಿಕೋ (ಬಣ್ಣಬಣ್ಣದ ಮಚ್ಚೆಯ) ಒರಾಂಡಾ ಜೋಡಿಯಲ್ಲಿ ಕಾಲುಭಾಗ ಮರಿ ಮಾಸಲು ಗುಲಾಬಿಯಾಗಿ ಬರುತ್ತವೆ. ಇದೂ ಮೈಕಟ್ಟಿನ ದೋಷವಾ? ಮತ್ತೆ ಬೆಟ್ಟಾ (ಕಾದಾಡುವ ಮೀನು) ಜಾತಿಯ ಇಬ್ಬಾಲವೂ ಇದೇ ಕಾರ್ಡಿನ್ನಾ?

ಮಂಡಗದ್ದೆ:

ಕ್ಯಾಲಿಕೋ ದೋಷ ಅಲ್ಲ, ಲೆಕ್ಕ. ಹುರುಪೆಗೆ ಲೋಹದ ಹೊಳಪು ಕೊಡುವುದು ಗ್ವಾನಿನ್ ಹರಳುಗಳ ಪದರ. ಆ ಪದರವಿದ್ದರೆ ಹೊಳಪಿನದು, ಬಹುತೇಕ ಇಲ್ಲದಿದ್ದರೆ ಮಾಸಲು, ಒಂದೊಂದು ಪ್ರತಿ ಸೇರಿದರೆ ಕ್ಯಾಲಿಕೋ. ಕ್ಯಾಲಿಕೋಗೆ ಕ್ಯಾಲಿಕೋ ಹಾಕಿದರೆ ಕಾಲು ಹೊಳಪು, ಅರ್ಧ ಕ್ಯಾಲಿಕೋ, ಕಾಲು ಮಾಸಲು. ಇದು 1928ರಲ್ಲೇ ಚೀನಾದ ಶಿಸಾನ್ ಚೆನ್ ಪ್ರಕಟಿಸಿದ ಲೆಕ್ಕ. ಆ ಮಾಸಲನ್ನು ಎಸೆಯಬೇಡಿ. ಮಾಸಲಿಗೆ ಹೊಳಪಿನದನ್ನು ಜೋಡಿಸಿ, ಮರಿಯೆಲ್ಲ ಕ್ಯಾಲಿಕೋ ಆಗುತ್ತದೆ.

ಬೆಟ್ಟಾ ಬೇರೆ ಕತೆ. ಚಿನ್ನದ ಮೀನಿನ ಬಾಲ ಎಡ-ಬಲವಾಗಿ ಎರಡು. ಬೆಟ್ಟಾದ್ದು ಮೇಲೆ-ಕೆಳಗಾಗಿ ಎರಡು. ಅಲ್ಲಿ ಬದಲಾಗಿರುವುದು ಜಿಕ್1, ಜಿಕ್4 ಜೀನುಗಳಿರುವ ಜಾಗ. ಬೆನ್ನಿನ ಕಡೆಗೆ ‘ನೀನು ಬೆನ್ನು’ ಎಂದು ಹೇಳುವವರು ಸುಮ್ಮನಾಗಿ, ಬೆನ್ನುಭಾಗ ಹೊಟ್ಟೆಭಾಗದ ಪ್ರತಿಬಿಂಬದ ಹಾಗೆ ಬೆಳೆಯುತ್ತದೆ. ಅದಕ್ಕೇ ಇಬ್ಬಾಲದ ಬೆಟ್ಟಾದಲ್ಲಿ ಬೆನ್ನುರೆಕ್ಕೆ ಗುದರೆಕ್ಕೆಯಷ್ಟೇ ಅಗಲ. ಮೈ ಗಿಡ್ಡವಾಗುವುದು ಅಲ್ಲಿಯೂ ತಪ್ಪಿಲ್ಲ. ಇಬ್ಬಾಲಕ್ಕೆ ಇಬ್ಬಾಲ ಹಾಕುತ್ತಾ ಹೋದರೆ ಬೆನ್ನು ಡೊಂಕು ಬರುತ್ತದೆ. ಆ ಜೀನಿನ ಒಂದು ಪ್ರತಿ ಹೊತ್ತ ಒಂಟಿಬಾಲದ ಮೀನಿಗೆ ಹಾಕಿ, ಅರ್ಧ ಮರಿ ಇಬ್ಬಾಲದವಾಗುತ್ತವೆ.

ತೊಟ್ಟಿಮನೆ:

ಎಲ್ಲರಿಗೂ ಧನ್ಯವಾದ. ಒಂಟಿಬಾಲದ 110ನ್ನು ಇಲ್ಲಿ ಹತ್ತಿರದ ಹಳ್ಳಕ್ಕೆ ಬಿಡಿ ಅನ್ನುತ್ತಿದ್ದಾರೆ. ಬಿಡಬಹುದಾ?

ಕೆರೆಏರಿ:

ಬೇಡವೇ ಬೇಡ. ಇಬ್ಬಾಲದವು ಹಳ್ಳಕ್ಕೆ ಬಿದ್ದರೆ ಮಿಂಚುಳ್ಳಿಗೆ ಊಟ, ಅಷ್ಟೇ. ಒಂಟಿಬಾಲದವು ಹಾಗಲ್ಲ, ಚೆನ್ನಾಗಿ ಈಜುತ್ತವೆ, ತಳ ಕೆದಕುತ್ತವೆ, ಮರಿ ಮಾಡುತ್ತವೆ. ನಿಮ್ಮ ಹಳ್ಳ ಹೋಗಿ ಸೇರುವುದು ಶರಾವತಿಗೆ. ತೋಟದ ನೀರಿನ ತೊಟ್ಟಿಗಳಲ್ಲಿ ಸೊಳ್ಳೆಮರಿ ತಿನ್ನುವುದಕ್ಕೆ ಕೇಳಿದವರಿಗೆ ಕೊಡಿ, ಮಳೆಗಾಲದಲ್ಲಿ ಉಕ್ಕಿ ಹರಿಯುವ ತೊಟ್ಟಿ ಆಗಿರಬಾರದು. ವಾಲಿದ 6ರಲ್ಲಿ ಮೇವು ಹಿಡಿಯಲಾರದವು ಇದ್ದರೆ ನರಳದಂತೆ ಸಾಯಿಸುವುದಕ್ಕೆ ಲವಂಗದ ಎಣ್ಣೆ, ಲೀಟರ್ ನೀರಿಗೆ 0.4 ಮಿಲಿ. ನೇರ ಹಾಕಿದರೆ ಮೇಲೆ ತೇಲುತ್ತದೆ, ಸಣ್ಣ ಬಾಟಲಿಯಲ್ಲಿ ಉಗುರುಬೆಚ್ಚನೆಯ ನೀರಿನ ಜೊತೆ ಹಾಲಿನಂತಾಗುವವರೆಗೆ ಕುಲುಕಿ ಬೆರೆಸಿ. ಕಿವಿರಿನ ಅಲುಗಾಟ ನಿಂತ ಮೇಲೂ ಅರ್ಧ ಗಂಟೆ ಅದರಲ್ಲೇ ಬಿಡಿ.